ಚೀಸ್ ಸ್ಲೈಸ್ ಬಳಕೆದಾರರ ಕೈಪಿಡಿ: ಬಸುರಿಯರ ಆವೃತ್ತಿ

ಮೊದಲು ಇದನ್ನು ಓದಿ

ಅಭಿನಂದನೆಗಳು. ನೀವೀಗ ಹತ್ತು ಸ್ಲೈಸುಗಳ ಒಂದು ಪ್ರೋಸೆಸ್ಡ್ ಚೀಸ್ ಪೊಟ್ಟಣದ ಒಡತಿ. ಜೊತೆಗೆ ಬಸುರಿ. ಪೊಟ್ಟಣದ ಬೆನ್ನಿಗೆ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಅಚ್ಚಾಗಿರುವುದನ್ನೆಲ್ಲ ಕಣ್ಣು ಕಿರಿದು ಮಾಡಿ ಓದಿದರೂ ನಿಮಗೆ ಬೇಕಾದ ಒಂದೇ ಒಂದು ಮಾತು ಅಲ್ಲಿ ಸಿಗುವುದಿಲ್ಲ: ಇದನ್ನು ನಾನು ತಿನ್ನಬಹುದೋ, ಬಾರದೋ?

ತಿನ್ನಬಹುದು. ಇಷ್ಟೇ ಬೇಕಾಗಿದ್ದವರು ಕೈಪಿಡಿ ಮುಚ್ಚಿ ಪೊಟ್ಟಣ ಬಿಚ್ಚಬಹುದು. ಆದರೆ ನಮ್ಮ ಮನೆಗಳಲ್ಲಿ ಸಾಕ್ಷಿ, ಪುರಾವೆ, ಹಿರಿಯರ ಒಪ್ಪಿಗೆ ಇಲ್ಲದೆ ಬಸುರಿಯ ಬಾಯಿಗೆ ಹೊಸ ತಿನಿಸು ಹೋಗುವ ಪದ್ಧತಿ ಇಲ್ಲವಾದ್ದರಿಂದ ಉಳಿದ ಪುಟಗಳೂ ಬೇಕಾಗಿವೆ.

ಇದನ್ನು ಬರೆದವಳು ಡಾಕ್ಟರಲ್ಲ. ಎರಡು ಸಲ ಹೆತ್ತವಳು, ಮೊದಲನೇ ಸಲ ಚೀಸಿನ ಬಯಕೆ ಹತ್ತಿ ಮನೆಮಂದಿಯನ್ನೆಲ್ಲ ಗಾಬರಿಪಡಿಸಿದವಳು. ಕೈಪಿಡಿಗೂ ನಿಮ್ಮ ಡಾಕ್ಟರ ಮಾತಿಗೂ ತಾಳೆಯಾಗದಿದ್ದರೆ ಡಾಕ್ಟರ ಮಾತೇ ಕಡೆಯದು. ಕೈಪಿಡಿಗೂ ಅತ್ತೆಯ ಮಾತಿಗೂ ತಾಳೆಯಾಗದಿದ್ದರೆ 5ನೇ ಭಾಗ ನೋಡಿ.

1. ಪೊಟ್ಟಣದೊಳಗೆ ಏನೇನಿದೆ

ಕನ್ನಡದ ನಿಘಂಟು ತೆಗೆದರೆ ಚೀಸ್ ಎಂದರೆ "ಗಿಣ್ಣು" ಎಂದಿರುತ್ತದೆ. ಹಾಗೆ ಬರೆದವರು ಗಿಣ್ಣು ತಿಂದಿರಲಿಕ್ಕಿಲ್ಲ, ಇಲ್ಲವೇ ಚೀಸ್ ನೋಡಿರಲಿಕ್ಕಿಲ್ಲ. ಕರು ಹಾಕಿದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು ಗಿಣ್ಣು. ಹಾಲಿಗೆ ಹೆಪ್ಪು ಕೊಟ್ಟು, ರೆನೆಟ್ ಹಾಕಿ ಒಡೆಸಿ, ನೀರು ಬಸಿದು, ಉಪ್ಪು ಹಚ್ಚಿ, ತಿಂಗಳುಗಟ್ಟಲೆ ಮಾಗಲು ಬಿಟ್ಟದ್ದು ಚೀಸ್. ಆ ಚೀಸನ್ನು ಮತ್ತೆ ಚೂರು ಮಾಡಿ, ಲವಣ ಬೆರೆಸಿ, ಜೋರು ಬಿಸಿಯಲ್ಲಿ ಕರಗಿಸಿ, ತೆಳ್ಳಗೆ ಹರಡಿ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದ್ದು ನಿಮ್ಮ ಕೈಯಲ್ಲಿರುವುದು. ಎರಡು ಸಲ ಹುಟ್ಟಿದ ಪದಾರ್ಥ, ಹಾಗಾಗಿ ದ್ವಿಜ. ಈ ಮಾತು ನಮ್ಮ ಮಾವನವರ ಎದುರು ಆಡಿ ನಾನೊಮ್ಮೆ ಕೆಟ್ಟಿದ್ದೇನೆ.

ರೆನೆಟ್ ಎಂದ ಕೂಡಲೇ ಮನೆಯ ಅಜ್ಜಿ ಕಿವಿ ನಿಮಿರಿಸುತ್ತಾರೆ. ಅದು ಮೂಲದಲ್ಲಿ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ವಸ್ತು ಎಂಬುದು ಅವರಿಗೆ ಹೇಗೋ ಗೊತ್ತಿರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ತೋರಿಸಿ. ಆ ಚುಕ್ಕೆ ಇದ್ದರೆ ಹಾಲು ಒಡೆಸಿದ್ದು ಕರುವಿನ ರೆನೆಟ್ ಅಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಬಳಸುತ್ತಾರೆ. ಸೂಕ್ಷ್ಮಜೀವಿಯೂ ಜೀವಿಯೇ ಅಲ್ಲವೇ ಎಂದು ಅಜ್ಜಿ ಮುಂದುವರಿಸಿದರೆ, ಮೊಸರಿಗೆ ಹೆಪ್ಪು ಹಾಕುವಾಗ ನೀವು ಯಾರನ್ನು ಕರೆಯುತ್ತೀರಿ ಎಂದು ನಯವಾಗಿ ಕೇಳಿ.

ಆಮೇಲೆ ಬರುತ್ತವೆ ನಂಬರುಗಳು. ನಮ್ಮನೆಯವರು ಎಂಜಿನಿಯರು, ನಂಬರು ಕಂಡರೆ ಬಿಡುವವರಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲಿನ ಟಾರ್ಚು ಹಾಕಿಕೊಂಡು ಪೊಟ್ಟಣದ ಬೆನ್ನು ಓದಿ, "ಲೇ, ಇದ್ರಲ್ಲಿ 331 ಇದೆ ಕಣೇ" ಎಂದು ಬಾಂಬು ಸಿಕ್ಕಿದವರ ಹಾಗೆ ಪಿಸುಗುಟ್ಟಿದರು. 331 ಎಂದರೆ ಸೋಡಿಯಂ ಸಿಟ್ರೇಟ್, ನಿಂಬೆಹುಳಿಯ ನೆಂಟ. 339, 452 ಎಂದಿದ್ದರೆ ಫಾಸ್ಫೇಟುಗಳು. ಚೀಸ್ ಕರಗುವಾಗ ಜಿಡ್ಡು ಬೇರೆ, ಪ್ರೋಟೀನು ಬೇರೆ ಆಗಿ ಮುನಿಸಿಕೊಂಡು ನಿಲ್ಲದ ಹಾಗೆ ನೋಡಿಕೊಳ್ಳುವುದು ಇವುಗಳ ಕೆಲಸ. ಪ್ರೋಟೀನನ್ನು ಗಂಟು ಹಾಕಿ ಹಿಡಿದಿರುವ ಕ್ಯಾಲ್ಸಿಯಮ್ಮನ್ನು ಇವು ಮೆಲ್ಲಗೆ ಬಿಡಿಸುತ್ತವೆ, ಗಂಟು ಸಡಿಲಾದ ಪ್ರೋಟೀನು ಜಿಡ್ಡನ್ನು ಅಪ್ಪಿಕೊಳ್ಳುತ್ತದೆ. ಮನೆಯಲ್ಲಿ ಇಬ್ಬರು ವಾರಗಿತ್ತಿಯರ ನಡುವೆ ಕೂತ ಸಣ್ಣ ನಾದಿನಿಯ ಕೆಲಸ ಇದು. 200 ಎಂದರೆ ಸಾರ್ಬಿಕ್ ಆಮ್ಲ, ಬೂಸ್ಟು ಬರದಿರಲಿ ಎಂದು. ಕೆಲವು ಬಗೆಯಲ್ಲಿ 234, ಅಂದರೆ ನೈಸಿನ್, ಹಾಲಿನ ಬ್ಯಾಕ್ಟೀರಿಯಾಗಳೇ ಕೊಡುವ ಸಂರಕ್ಷಕ. ಇವು ಆಹಾರದಲ್ಲಿ ಇಂತಿಷ್ಟು ಎಂದು ಮಿತಿ ಹಾಕಿ ಒಪ್ಪಿಕೊಂಡವೇ. ನಿಮ್ಮನ್ನು ಚಿಂತೆಗೆ ಹಚ್ಚಬೇಕಾದ ಪದ ನಂಬರಿನ ರೂಪದಲ್ಲಿಲ್ಲ. ಅದು "ಉಪ್ಪು". ಅದಕ್ಕೆ ಆಮೇಲೆ ಬರೋಣ.

ಒಂದು ಪರೀಕ್ಷೆ ಮಾತ್ರ ಅಂಗಡಿಯಲ್ಲೇ ಮಾಡಿ. ಪೊಟ್ಟಣದ ಮೇಲೆ "ಚೀಸ್" ಎಂದಿದೆಯೋ, ಅಥವಾ "ಅನಲಾಗ್" ಎಂಬ ಪದ ಎಲ್ಲಾದರೂ ನುಸುಳಿದೆಯೋ? ಎರಡನೆಯದಾದರೆ ಅದು ಹಾಲಿನ ಜಿಡ್ಡಿನ ಬದಲು ಗಿಡದ ಎಣ್ಣೆಯಿಂದ ಚೀಸಿನ ವೇಷ ಕಟ್ಟಿದ ಪಾತ್ರಧಾರಿ. ವಿಷವೇನಲ್ಲ. ಆದರೆ ನೀವು ಕ್ಯಾಲ್ಸಿಯಂ, ಪ್ರೋಟೀನು ಎಂದು ಮನೆಯವರ ಜೊತೆ ವಾದ ಮಾಡಿ ಗೆದ್ದದ್ದು ತಾಳೆಎಣ್ಣೆಗಾಗಿ ಆಗಬಾರದು.

2. ಇದು ಕೆಲಸ ಮಾಡುವ ಬಗೆ

ಸ್ವಿಟ್ಜರ್ಲೆಂಡಿನ ಥೂನ್ ಎಂಬ ಊರಿನಲ್ಲಿ ವಾಲ್ಟರ್ ಗರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಎಂಬ ಇಬ್ಬರು 1911ರಲ್ಲಿ ಎಮೆಂಟಾಲ್ ಚೀಸನ್ನು ಸಿಟ್ರೇಟಿನ ಜೊತೆ ಕರಗಿಸಿ ಆರಿಸಿದರು. ಅವರಿಗಿದ್ದ ಚಿಂತೆ ಬಸುರಿಯರದ್ದಲ್ಲ, ಸೆಕೆಯದ್ದು. ಬಿಸಿಲು ದೇಶಗಳಿಗೆ ಕಳಿಸಿದ ಚೀಸ್ ದಾರಿಯಲ್ಲೇ ಬೆವರಿ ಕೆಡುತ್ತಿತ್ತು. ಐದು ವರ್ಷದ ಮೇಲೆ, 1916ರಲ್ಲಿ, ಜೇಮ್ಸ್ ಕ್ರಾಫ್ಟ್ ಅಮೆರಿಕದಲ್ಲಿ ಇಂಥದ್ದೇ ವಿಧಾನಕ್ಕೆ ಪೇಟೆಂಟು ಪಡೆದ. ಮೊದಲ ಮಹಾಯುದ್ಧದಲ್ಲಿ ಅದು ಡಬ್ಬಿಗಳಲ್ಲಿ ಸೈನಿಕರ ಬೆನ್ನಿಗೆ ಹೋಯಿತು. ಬಿಸಿಲಿಗೆಂದು ಕಟ್ಟಿ, ಯುದ್ಧಕ್ಕೂ ಹೋಗಿಬಂದ ಪದಾರ್ಥ ನೂರು ವರ್ಷದ ಮೇಲೆ ಬಸುರಿಯ ಕೈಗೆ ಬಂದಾಗ ಅದರ ಒಂದು ಗುಣ ಅನಾಯಾಸವಾಗಿ ಉಪಯೋಗಕ್ಕೆ ಬಿತ್ತು: ಅದನ್ನು ಬೇಯಿಸಿರುತ್ತಾರೆ. 70ರಿಂದ 90 ಡಿಗ್ರಿಯ ತನಕ, ಕೆಲವು ನಿಮಿಷ, ಕಲಸುತ್ತಾ.

ಈ ಕಾಯಿಸುವುದು ಯಾಕೆ ದೊಡ್ಡ ವಿಷಯ ಎಂದು ಗೊತ್ತಾಗಬೇಕಾದರೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಪರಿಚಯ ಆಗಬೇಕು. 1926ರಲ್ಲಿ ಕೇಂಬ್ರಿಜ್ಜಿನ ಪ್ರಯೋಗಾಲಯದಲ್ಲಿ ಸಾಯುತ್ತಿದ್ದ ಮೊಲಗಳಲ್ಲಿ ಇದು ಕಾಣಿಸಿಕೊಂಡಿತು. 1940ರಲ್ಲಿ ಇದಕ್ಕೆ ಜೋಸೆಫ್ ಲಿಸ್ಟರ್ ಹೆಸರು ಅಂಟಿತು. ಶಸ್ತ್ರಕ್ರಿಯೆಯ ಕೋಣೆಯಿಂದ ಕ್ರಿಮಿಗಳನ್ನು ಓಡಿಸಲು ಜೀವಮಾನ ಸವೆಸಿದ ಮಹಾನುಭಾವನಿಗೆ ಕಡೆಗೆ ಒಂದು ಕ್ರಿಮಿಯನ್ನೇ ಕಾಣಿಕೆ ಕೊಟ್ಟರು. ಪುಣ್ಯಕ್ಕೆ ಅವನು 1912ರಲ್ಲೇ ತೀರಿಕೊಂಡಿದ್ದ.

ಉಳಿದ ಹೆಚ್ಚಿನ ಕ್ರಿಮಿಗಳು ಫ್ರಿಜ್ಜಿನಲ್ಲಿಟ್ಟರೆ ಮುದುಡಿ ಮಲಗುತ್ತವೆ. ಇದು ಮಾತ್ರ ಅಲ್ಲೂ ನಿಧಾನವಾಗಿ ಸಂಸಾರ ಬೆಳೆಸುತ್ತದೆ. ಗಟ್ಟಿಮುಟ್ಟಾದವರ ಹೊಟ್ಟೆಗೆ ಹೋದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಬಸುರಿಯರಿಗೆ ಮಾತ್ರ ಇದು ತಗಲುವ ಸಂಭವ ಬೇರೆಯವರಿಗಿಂತ ಹತ್ತು ಪಟ್ಟು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ತಾಯಿಗೆ ಬರುವುದು ಹೆಚ್ಚಿನ ಸಲ ಬರೀ ಒಂದು ಜ್ವರ, ಮೈಕೈ ನೋವು. ಆದರೆ ಅದು ಮಾಸುಚೀಲ ದಾಟಿ ಮಗುವಿನ ತನಕ ಹೋಗಬಲ್ಲದು. 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸೀಮೆಯಲ್ಲಿ ಮೆಕ್ಸಿಕೊ ಮಾದರಿಯ ಮೆತ್ತನೆಯ ಹಸಿ ಚೀಸ್ ತಿಂದು 142 ಮಂದಿ ಕಾಯಿಲೆ ಬಿದ್ದರು. ಅದರಲ್ಲಿ 93 ಪ್ರಕರಣ ಬಸುರಿಯರು ಮತ್ತು ಅವರ ಮಕ್ಕಳದ್ದು. ಒಟ್ಟು 48 ಸಾವು. ಅವರಲ್ಲಿ 20 ಮಂದಿ ಹುಟ್ಟುವ ಮೊದಲೇ ಹೋದವರು, 10 ಮಂದಿ ಹುಟ್ಟಿ ಕೆಲವೇ ದಿನವಾದವರು. ತನಿಖೆ ಮಾಡಿದವರಿಗೆ ಕಂಡದ್ದು, ಆ ಕಾರ್ಖಾನೆಯಲ್ಲಿ ಕಾಯಿಸಿದ ಹಾಲಿಗೆ ಕಾಯಿಸದ ಹಾಲು ಬೆರೆಯುತ್ತಿದ್ದಿರಬೇಕು ಎಂಬುದು.

ಈ ಒಂದು ಪ್ಯಾರಾದಲ್ಲಿ ಕೈಪಿಡಿ ನಗುವುದನ್ನು ನಿಲ್ಲಿಸಿತ್ತು, ಗಮನಿಸಿರಬಹುದು.

ಹಾಗಾಗಿ ಬಸುರಿಯರಿಗೆ ಚೀಸ್ ಬೇಡ ಎನ್ನುವ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದು ಬೇರೆ ಚೀಸಿನ ಮೇಲಿನ ಫಿರ್ಯಾದು, ನಮ್ಮ ಸ್ಲೈಸಿನ ವಿಳಾಸಕ್ಕೆ ಬಟವಾಡೆಯಾಗಿದೆ ಅಷ್ಟೆ. ಬ್ರಿ, ಕ್ಯಾಮೆಂಬೇರ್ ಎಂದು ಮೈಮೇಲೆ ಬಿಳಿ ಬೂಸ್ಟಿನ ಹೊದಿಕೆ ಹೊದ್ದವು, ಒಳಗೆ ನೀಲಿ ನರ ಹರಿದ ಮೆತ್ತನೆಯವು, ಕಾಯಿಸದ ಹಾಲಿನವು, ಇವುಗಳ ಹತ್ತಿರ ಹೆರಿಗೆ ಆಗುವ ತನಕ ಸುಳಿಯಬೇಡಿ. ಅವುಗಳಲ್ಲಿ ನೀರು ಜಾಸ್ತಿ, ಹುಳಿ ಕಮ್ಮಿ, ಲಿಸ್ಟೀರಿಯಾಗೆ ಹೇಳಿ ಮಾಡಿಸಿದ ಮನೆ. ಬ್ರಿಟನ್ನಿನ ಆರೋಗ್ಯ ಸೇವೆ ಬಸುರಿಯರಿಗೆ ತಿನ್ನಬಹುದಾದ ಚೀಸುಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಪ್ರೋಸೆಸ್ಡ್ ಚೀಸ್ ಸ್ಪ್ರೆಡ್ಡಿಗೂ, ಕಾಯಿಸಿದ ಹಾಲಿನ ಪನೀರಿಗೂ ಜಾಗವಿದೆ. ನಿಮ್ಮ ತಾಲ್ಲೂಕಿನ ಬೇಕರಿಯಲ್ಲಿ ಕ್ಯಾಮೆಂಬೇರ್ ಸಿಗುವ ಸಂಭವ ಕಮ್ಮಿಯಾದ್ದರಿಂದ ಬೇಡ ಎನ್ನುವ ಅರ್ಧ ಪಟ್ಟಿಯನ್ನು ನೀವು ಪ್ರಯತ್ನವಿಲ್ಲದೇ ಪಾಲಿಸುತ್ತಿದ್ದೀರಿ.

3. ಹಾಳೆ ಬಿಡಿಸುವ ಕ್ರಮ

ಕೈ ತೊಳೆಯಿರಿ. ಸೋಪು ಹಾಕಿ. ಹೌದು, ರಾತ್ರಿ ಎರಡು ಗಂಟೆಯಾದರೂ.

ಸ್ಲೈಸನ್ನು ಅಡ್ಡಡ್ಡ ಹಿಡಿಯಿರಿ. ಪ್ಲಾಸ್ಟಿಕ್ಕಿನ ಒಂದು ಅಂಚಿನಲ್ಲಿ ತುಟಿಯಂತೆ ಸಣ್ಣ ಮಡಿಕೆ ಇರುತ್ತದೆ, ಬೆರಳ ತುದಿಗೆ ಸಿಕ್ಕೂ ಸಿಗದಂತೆ. ಅದನ್ನು ಉಗುರಿನಲ್ಲಿ ಎಬ್ಬಿಸಿ. ಇಲ್ಲಿ ಅವಸರ ಮಾಡಿದವರಿಗೆ ಸ್ಲೈಸಿನ ಮೂಲೆ ಪ್ಲಾಸ್ಟಿಕ್ಕಿನಲ್ಲೇ ಉಳಿದು, ಭಾರತದ ಭೂಪಟದಿಂದ ಗುಜರಾತು ಕಿತ್ತುಬಂದ ಹಾಗಾಗುತ್ತದೆ. ಮೆತ್ತಗೆ ಎಳೆದರೆ ಒಂದು ಸಣ್ಣ ಸದ್ದು, ಒದ್ದೆ ಕಾಗದವನ್ನು ಗಾಜಿನಿಂದ ಎಬ್ಬಿಸಿದ ಹಾಗೆ. ಆಮೇಲೆ ತಣ್ಣನೆಯ, ಬೆವರಿದ, ಮೊಸಂಬಿ ಸಿಪ್ಪೆಯ ಬಣ್ಣದ ಆ ಚೌಕ ಅಂಗೈ ಮೇಲೆ ಬಾಗಿ ಮಲಗುತ್ತದೆ. ನನಗೆ ಮೂರನೇ ತಿಂಗಳಿನಲ್ಲಿ ಒಗ್ಗರಣೆಯ ವಾಸನೆಗೆ ವಾಕರಿಕೆ, ಅನ್ನ ಕುದಿಯುವ ವಾಸನೆಗೆ ವಾಕರಿಕೆ, ಗಂಡನ ಶೇವಿಂಗ್ ಕ್ರೀಮಿಗೂ ವಾಕರಿಕೆ. ವಾಸನೆಯೇ ಇಲ್ಲದ, ಯಾರನ್ನೂ ನೋಯಿಸದ, ಬರೀ ಉಪ್ಪುಪ್ಪಾಗಿ ನಾಲಿಗೆಯ ಮೇಲೆ ಕರಗುವ ಪದಾರ್ಥ ಅದೊಂದೇ ಇತ್ತು. ನಾಲ್ಕಾಗಿ ಮಡಿಚಿ, ಮತ್ತೆ ನಾಲ್ಕಾಗಿ ಮಡಿಚಿ, ಹದಿನಾರು ಪುಟ್ಟ ಚೌಕ ಮಾಡಿ ಒಂದೊಂದೇ ಬಾಯಿಗಿಡುತ್ತಿದ್ದೆ, ಫ್ರಿಜ್ಜಿನ ಬಾಗಿಲು ಅರ್ಧ ತೆರೆದು, ಅದರ ಬೆಳಕಿನಲ್ಲಿ.

ಹೊಸದಾಗಿ ಒಡೆದ ಪೊಟ್ಟಣದ ಸ್ಲೈಸನ್ನು ಹೀಗೆ ಹಸಿಯಾಗಿಯೇ ತಿನ್ನಬಹುದು. ಅದು ಹಸಿಯಲ್ಲ, ಕಾರ್ಖಾನೆಯಲ್ಲಿ ಬೆಂದೇ ಬಂದದ್ದು. ಮನಸ್ಸು ಒಪ್ಪದಿದ್ದರೆ ದೋಸೆಯ ಮೇಲಿಟ್ಟು ಮುಚ್ಚಿ, ಅಂಚಿನಲ್ಲಿ ಗುಳ್ಳೆ ಎದ್ದು ಕುದಿಯುವ ತನಕ ಬಿಡಿ. ಹಾಗೆ ಕುದಿಯುವಷ್ಟು ಬಿಸಿಯಾದ ಮೇಲೆ ಲಿಸ್ಟೀರಿಯಾ ಉಳಿಯುವುದಿಲ್ಲ. ನಾಲಿಗೆ ಸುಟ್ಟುಕೊಂಡರೆ ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

4. ಜೊತೆಗಾರರ ಬಗ್ಗೆ ಎಚ್ಚರಿಕೆ

ಸ್ಲೈಸ್ ಒಂಟಿಯಾಗಿರುವಾಗ ಸಾಧು. ಅದರ ಸಹವಾಸ ನೋಡಿ ಎದೆ ಬಡಿದುಕೊಳ್ಳಿ.

ನಮ್ಮ ರಸ್ತೆ ತುದಿಯಲ್ಲೊಂದು ಸ್ಯಾಂಡ್‌ವಿಚ್ ಗಾಡಿ ಇತ್ತು. ಐದನೇ ತಿಂಗಳಿನಲ್ಲಿ ಅದರ ಮುಂದೆ ನಿಂತು ಬರೀ ನೋಡುತ್ತಿದ್ದೆ, ಹೊಟ್ಟೆಬಾಕಿಯಾಗಿ ಅಲ್ಲ, ಇನ್‌ಸ್ಪೆಕ್ಟರಾಗಿ. ಆತ ಬೆಳಗ್ಗೆ ಹೆಚ್ಚಿದ ಸೌತೆಕಾಯಿಯ ಬಿಲ್ಲೆಗಳನ್ನು ಸ್ಟೀಲ್ ಡಬ್ಬಿಯಿಂದ ತೆಗೆದ. ತಳದಲ್ಲಿ ನೀರು ನಿಂತಿತ್ತು. ಟೊಮೆಟೊ, ಈರುಳ್ಳಿ ಇಟ್ಟ. ಪುದೀನ ಚಟ್ನಿಯ ಡಬ್ಬಿಗೆ ಚಮಚ ಅದ್ದಿ, ಬ್ರೆಡ್ಡಿಗೆ ಸವರಿ, ಚಮಚವನ್ನು ವಾಪಸು ಡಬ್ಬಿಗೇ ನಿಲ್ಲಿಸಿದ. ಚಾಕುವನ್ನು ಹೆಗಲ ಮೇಲಿನ ಬಟ್ಟೆಗೆ ಒರೆಸಿದ. ಆ ಬಟ್ಟೆ ಒಂದು ಕಾಲದಲ್ಲಿ ಬಿಳಿಯಾಗಿತ್ತು ಎಂಬುದಕ್ಕೆ ಹೊಲಿಗೆಯ ಸಂದಿಯಲ್ಲಿ ಪುರಾವೆ ಇತ್ತು. ಎಲ್ಲದರ ಮೇಲೆ ಕಡೆಗೆ ಒಂದು ಚೀಸ್ ಸ್ಲೈಸ್, ಆಗಷ್ಟೇ ಪ್ಲಾಸ್ಟಿಕ್ ಬಿಡಿಸಿದ್ದು. ಅಷ್ಟೂ ಸಾಮಾನುಗಳಲ್ಲಿ ಸೀಲು ಒಡೆಯದೆ ಬಂದದ್ದು ಅದೊಂದೇ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು ನನ್ನ ಹೊಟ್ಟೆ ನೋಡಿ, "ಚೀಸ್ ಹಾಕಿಸ್ಕೋಬೇಡಮ್ಮಾ, ಪ್ಲೇನ್ ತಗೋ, ಬಸುರಿ" ಎಂದರು.

ಸರಿಯಾಗಿ ತೊಳೆಯದ ಹಸಿ ತರಕಾರಿಯ ಮಣ್ಣಿನಲ್ಲಿ ಲಿಸ್ಟೀರಿಯಾವೂ ಇರಬಹುದು, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯೂ ಇರಬಹುದು. ಅದೂ ಮಗುವಿಗೆ ದಾಟಬಲ್ಲದು. ಚಟ್ನಿಗೆ ಹಾಕಿದ ನೀರು ಎಲ್ಲಿಯದು ಎಂದು ಚಟ್ನಿ ಹೇಳುವುದಿಲ್ಲ. ಆದ್ದರಿಂದ ಸೂಚನೆ: ಹೊರಗೆ ತಿನ್ನಲೇಬೇಕಾದರೆ ಚೀಸ್ ಹಾಕಿಸಿ, ಸೌತೆಕಾಯಿ ಬಿಡಿಸಿ, ಚಟ್ನಿ ಬೇಡ ಎನ್ನಿ, ಚೆನ್ನಾಗಿ ಸುಡಿಸಿ. ಗಾಡಿಯವನು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ. ನೋಡಲಿ.

ಪನೀರಿನ ಬಗ್ಗೆ ಒಂದು ಸಾಲು. ಬಿಡಿಯಾಗಿ, ಬಕೆಟ್ಟಿನ ನೀರಿನಲ್ಲಿ ತೇಲುತ್ತಾ ಮಾರುವ ಪನೀರಿಗೆ ಪೊಟ್ಟಣವೂ ಇಲ್ಲ, ತಾರೀಕೂ ಇಲ್ಲ. ತಂದರೆ ಗ್ರೇವಿಯಲ್ಲಿ ಕುದಿಸಿ ತಿನ್ನಿ, ಹಸಿಯಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳುವ ಚಟ ಇದ್ದರೆ ಒಂಬತ್ತು ತಿಂಗಳು ಕೈಕಟ್ಟಿ.

5. ಹಿರಿಯರ ನಿರ್ವಹಣೆ

ಇದು ಕೈಪಿಡಿಯ ಅತಿ ಉದ್ದದ ಭಾಗವಾಗಬೇಕಿತ್ತು. ಮನೆಯ ಶಾಂತಿಗಾಗಿ ಮೊಟಕು ಮಾಡಿದ್ದೇನೆ.

ಆರನೇ ತಿಂಗಳಿನಲ್ಲಿ ನಮ್ಮನೆಯವರ ದೊಡ್ಡಮ್ಮನ ಊರಿಗೆ ಹೋಗಿದ್ದೆವು, ಚನ್ನರಾಯಪಟ್ಟಣದ ಕಡೆ. ನನ್ನ ಬ್ಯಾಗಿನಲ್ಲಿ ಬ್ರೆಡ್ಡು, ಚೀಸ್ ಪೊಟ್ಟಣ ಕಂಡದ್ದೇ ಪಡಸಾಲೆಯಲ್ಲಿ ವಿಚಾರಣೆ ಶುರುವಾಯಿತು.

"ಏನವ್ವಾ ಇದು, ಸೋಪಿನ ತರ?"

"ಚೀಸು ದೊಡ್ಡಮ್ಮಾ. ಹಾಲಿಂದೇ ಮಾಡೋದು."

"ಹಾಲಿಂದಾ? ಯಾವಾಗಿನ ಹಾಲು?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಯಾರಾದ ತಾರೀಕು ನೋಡಿ "ಎರಡು ತಿಂಗ್ಳ ಹಿಂದಿಂದು" ಎಂದು ಪ್ರಾಮಾಣಿಕವಾಗಿ ಹೇಳಿದೆ. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. ಎರಡು ತಿಂಗಳ ಹಾಲನ್ನು ಬಸುರಿಗೆ ಕೊಡುವ ಗಂಡ ಎಂಥವನು ಎಂಬ ಕಡೆಗೆ ಮಾತು ತಿರುಗಿತು. ನಮ್ಮನೆಯವರು ತೋಟ ನೋಡಿಕೊಂಡು ಬರುತ್ತೇನೆಂದು ಎದ್ದು ಹೋದರು.

ಮಾರನೆಯ ಬೆಳಗ್ಗೆ ಆರಕ್ಕೆ ದೊಡ್ಡಮ್ಮ ಕೊಟ್ಟಿಗೆಯಿಂದ ನೇರ ಬಂದು ನನ್ನ ಹಾಸಿಗೆಯ ಬಳಿ ನಿಂತರು. ಕೈಯಲ್ಲಿ ಹಿತ್ತಾಳೆ ಲೋಟ, ಮೇಲೆ ಬೆರಳು ದಪ್ಪ ನೊರೆ, ಲೋಟದ ಹೊಟ್ಟೆ ಬೆಚ್ಚಗೆ. "ನೊರೆಹಾಲು ಕುಡಿ ಮಗಾ. ಈಗ್ ತಾನೆ ಕರ್ದಿದ್ದು. ಮಗ ಗಟ್ಟಿಯಾಯ್ತದೆ." ನೊರೆಯ ಮೇಲೆ ಒಂದು ಸಣ್ಣ ಹುಲ್ಲಿನ ಎಳೆ ಇತ್ತು. ಅದನ್ನು ಅವರು ಕಿರುಬೆರಳಿನಲ್ಲಿ ತೆಗೆದು ಸೆರಗಿಗೆ ಒರೆಸಿಕೊಂಡರು.

ಆ ಲೋಟದಲ್ಲಿ ಇದ್ದ ಪ್ರೀತಿಯನ್ನು ಯಾವ ಪ್ರಯೋಗಾಲಯವೂ ಅಳೆಯಲಾರದು. ಅದರ ಜೊತೆ ಇನ್ನೇನೇನು ಇರಬಹುದಿತ್ತು ಎಂಬುದನ್ನು ಮಾತ್ರ ಅಳೆಯಬಹುದು. ಕಾಯಿಸದ ಹಾಲಿನಿಂದ ಲಿಸ್ಟೀರಿಯಾ ಬರಬಹುದು. ದನದ ಕಂದು ಹಾಕಿಸುವ ಬ್ರೂಸೆಲ್ಲಾ ಬರಬಹುದು. ಅದು ಮನುಷ್ಯರಲ್ಲಿ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಬಸುರಿಯರಲ್ಲಿ ಗರ್ಭಪಾತಕ್ಕೂ ಕಾರಣವಾಗಬಲ್ಲದು. ಎರಡು ತಿಂಗಳ ಹಿಂದಿನ ಬೆಂದ ಹಾಲು ಒಂದು ಕಡೆ, ಎರಡು ನಿಮಿಷದ ಹಿಂದಿನ ಬೇಯದ ಹಾಲು ಇನ್ನೊಂದು ಕಡೆ. ಹೊಸದು ಎಂದರೆ ಒಳ್ಳೆಯದು, ಹಳೆಯದು ಎಂದರೆ ಕೆಟ್ಟದ್ದು ಎಂಬ ಲೆಕ್ಕ ತರಕಾರಿಗೆ ಸರಿ. ಹಾಲಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಕಾಯಿಸಿದ್ದೋ, ಇಲ್ಲವೋ?

ಇದನ್ನು ಹಾಸಿಗೆಯಲ್ಲಿ ಕೂತು ದೊಡ್ಡಮ್ಮನಿಗೆ ವಿವರಿಸಬೇಡಿ. ಲೋಟ ತೆಗೆದುಕೊಳ್ಳಿ. "ನಂಗೆ ಏಲಕ್ಕಿ ಹಾಕಿ ಒಂದು ಕುದಿ ಬರ್ಸಿಕೊಡಿ ದೊಡ್ಡಮ್ಮಾ, ಹಸಿ ವಾಸ್ನೆಗೆ ವಾಂತಿ ಬರತ್ತೆ" ಎನ್ನಿ. ಬಸುರಿಯ ವಾಂತಿಗೆ ಎದುರಾಡುವ ಹಿರಿಯರು ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ದೊಡ್ಡಮ್ಮನ ಮಾತೂ ಉಳಿಯಿತು, ಮಗುವೂ ಗಟ್ಟಿಯಾಯಿತು. ಈ ಉಪಾಯವನ್ನು ಎಲ್ಲ ಬಗೆಯ ಹಸಿ ಕಾಣಿಕೆಗಳಿಗೂ ಬಳಸಬಹುದು. ಪರಂಗಿ, ಎಳ್ಳು, ಅನಾನಸ್, ಹಲಸು ಎಂಬ ನಿಷೇಧಗಳ ಪಟ್ಟಿಗೆ ಇದು ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ಕೈಪಿಡಿ ಬೇಕು, ಬರೆಯುವ ಧೈರ್ಯ ನನಗಿಲ್ಲ.

6. ಪ್ರಮಾಣ

20 ಗ್ರಾಮಿನ ಒಂದು ಸ್ಲೈಸಿನಲ್ಲಿ ಸುಮಾರು 60 ಕ್ಯಾಲೊರಿ, ಸುಮಾರು 4 ಗ್ರಾಂ ಪ್ರೋಟೀನು. ಕ್ಯಾಲ್ಸಿಯಂ ದಿನದ ಬಾಬತ್ತಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬಸುರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ. ಇದನ್ನು ನೆಪ ಮಾಡಿಕೊಂಡು ಹತ್ತು ಸ್ಲೈಸ್ ತಿನ್ನುವ ಲೆಕ್ಕ ಹಾಕಿದವಳು ನಾನೊಬ್ಬಳೇ ಅಲ್ಲ ಎಂದುಕೊಂಡಿದ್ದೇನೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಒಳ್ಳೆಯ ಮುದ್ದೆಯ ಮುಂದೆ ಮೂರು ಸ್ಲೈಸು ತಲೆ ತಗ್ಗಿಸಬೇಕು. ದೊಡ್ಡಮ್ಮ ಗೆದ್ದ ಏಕೈಕ ಅಧ್ಯಾಯ ಇದು.

ಈಗ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು, ಅಂದರೆ ಒಂದು ಟೀ ಚಮಚ, ಅಂದರೆ 2000 ಮಿಲಿಗ್ರಾಂ ಸೋಡಿಯಂ. ಒಂದು ಸ್ಲೈಸಿನಲ್ಲೇ ಸೋಡಿಯಂ 200ರಿಂದ 300 ಮಿಲಿಗ್ರಾಂ ಆಸುಪಾಸು ಇರಬಹುದು, ಬ್ರಾಂಡಿನ ಮೇಲೆ ಹೋಗುತ್ತದೆ, ಪೊಟ್ಟಣ ನೋಡಿ. ಉಪ್ಪಿನಕಾಯಿ, ಹಪ್ಪಳ, ಸಾರು, ಮೇಲೊಂದು ಮಜ್ಜಿಗೆ ಮೆಣಸಿನಕಾಯಿ ಇರುವ ನಮ್ಮ ತಟ್ಟೆಯಲ್ಲಿ ಆ ಟೀ ಚಮಚ ಮಧ್ಯಾಹ್ನಕ್ಕೇ ಖಾಲಿ. ಬಿಪಿ ಏರಿದೆ ಎಂದು ಡಾಕ್ಟರು ತಾಯಿ ಕಾರ್ಡಿನಲ್ಲಿ ಬರೆದಿದ್ದರೆ ಸ್ಲೈಸಿನ ವಿಷಯ ಅವರನ್ನೇ ಕೇಳಿ. ಇಲ್ಲದಿದ್ದರೆ ದಿನಕ್ಕೆ ಒಂದು, ಬಯಕೆ ಮಿತಿ ಮೀರಿದ ದಿನ ಎರಡು. ಇದು ನನ್ನ ಅಂದಾಜು, ಶಾಸನವಲ್ಲ.

ಅತಿ ಮುಖ್ಯವಾದದ್ದು, ಯಾರೂ ಹೇಳದೇ ಇರುವುದು: ಕಬ್ಬಿಣದ ಮಾತ್ರೆಯನ್ನೂ ಚೀಸನ್ನೂ ಒಟ್ಟಿಗೆ ಕೂರಿಸಬೇಡಿ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಜೊತೆಗೆ ಫೋಲಿಕ್ ಆಮ್ಲ. ಕ್ಯಾಲ್ಸಿಯಂ ಹತ್ತಿರ ಬಂದರೆ ಕಬ್ಬಿಣ ರಕ್ತಕ್ಕೆ ಹೋಗಲು ಹಿಂದೇಟು ಹಾಕುತ್ತದೆ. ನಾನು ಎರಡು ತಿಂಗಳು ಮಾತ್ರೆ ನುಂಗಿ ಮೇಲೊಂದು ಚೀಸ್ ಟೋಸ್ಟು ತಿಂದು, ಕಹಿ ಹೋಯಿತು ಎಂದು ಖುಷಿಪಟ್ಟವಳು. ಹಿಮೋಗ್ಲೋಬಿನ್ ಅಲ್ಲಾಡಲಿಲ್ಲ. "ಮಾತ್ರೆ ಯಾವುದರ ಜೊತೆ ತಗೋತೀಯಮ್ಮಾ?" ಎಂದು ಕೇಳಿದ್ದು ಡಾಕ್ಟರಲ್ಲ, ಬಾಗಿಲ ಬಳಿ ತೂಕ ನೋಡುತ್ತಿದ್ದ ನರ್ಸಮ್ಮ. ನಡುವೆ ಎರಡು ಗಂಟೆ ಬಿಡಿ. ಮಾತ್ರೆಗೆ ನಿಂಬೆ ಪಾನಕ ಜೋಡಿ, ಚೀಸಿಗೆ ಸಂಜೆ.

7. ಇಡುವ ಜಾಗ

ಫ್ರಿಜ್ಜಿನೊಳಗೆ, 4 ಡಿಗ್ರಿಗೆ ಹತ್ತಿರ, ಬಾಗಿಲಲ್ಲಲ್ಲ, ಒಳಗಿನ ಶೆಲ್ಫಿನಲ್ಲಿ. ಒಡೆದ ಪೊಟ್ಟಣದ ಬಾಯಿ ಮಡಿಚಿ ಮುಚ್ಚಳದ ಡಬ್ಬಿಯೊಳಗೆ ಇಡಿ. ಡಬ್ಬಿಯ ಮೇಲೆ ಒಡೆದ ತಾರೀಕು ಬರೆಯಿರಿ. ಅದರ ಪಕ್ಕ ಹಸಿ ಮಾಂಸ, ಮೊನ್ನೆಯ ಹೆಚ್ಚಿದ ಹಣ್ಣು, ಯಾರೂ ಒಪ್ಪಿಕೊಳ್ಳದ ಹಳೆಯ ಚಟ್ನಿ ಬೇಡ.

ಕರೆಂಟು ಹೋದರೆ ಹೆದರಬೇಡಿ. ಬಾಗಿಲು ತೆಗೆಯದೇ ಇದ್ದರೆ ನಾಲ್ಕು ಗಂಟೆ ಫ್ರಿಜ್ಜು ತಂಪು ಹಿಡಿದಿರುತ್ತದೆ. ಕರೆಂಟು ಹೋದಾಗ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಸಾಡಬೇಕು ಎಂದು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಿದೆ. ಮೆತ್ತನೆಯ ಚೀಸು, ತುರಿದ ಚೀಸು ಬಿಸಾಡು ಎನ್ನುವ ಅದೇ ಪಟ್ಟಿ ಪ್ರೋಸೆಸ್ಡ್ ಚೀಸನ್ನು ಇಟ್ಟುಕೋ ಎನ್ನುತ್ತದೆ. ಬಿಸಿಲು ದೇಶಕ್ಕೆಂದೇ ಹುಟ್ಟಿದ್ದಲ್ಲವೇ.

8. ತೊಂದರೆಗಳು

ಸ್ಲೈಸಿನ ಅಂಚು ಒಣಗಿ ಗಾಜಿನಂತಾಗಿದೆ: ಪೊಟ್ಟಣ ತೆರೆದಿಟ್ಟಿದ್ದೀರಿ. ಎಷ್ಟು ದಿನವಾಯಿತೆಂದು ನೆನಪಿಲ್ಲದಿದ್ದರೆ ಬಿಸಾಡಿ.

ಮೂಲೆಯಲ್ಲಿ ಹಸಿರು ಚುಕ್ಕೆ, ಪೊಟ್ಟಣದ ಮೇಲೆ ಅಲ್ಲ, ಚೀಸಿನ ಮೇಲೆ: ಇದು ಸಸ್ಯಾಹಾರದ ಗುರುತಲ್ಲ. ಕಿತ್ತು ತಿನ್ನುವುದು ಬೇಡ, ಇಡೀ ಪೊಟ್ಟಣ ಬಿಸಾಡಿ.

ರಾತ್ರಿ ಎದೆಯುರಿ: ಏಳನೇ ತಿಂಗಳ ಮೇಲೆ ಜಿಡ್ಡು ತಿಂದು ಕೂಡಲೇ ಮಲಗಿದರೆ ಹೀಗೇ. ತಿಂದ ಮೇಲೆ ಒಂದೆರಡು ಗಂಟೆ ಕೂತಿರಿ. ಕೂತಿರುವಾಗ ಮತ್ತೊಂದು ತಿನ್ನಬೇಡಿ.

ಜ್ವರ, ಚಳಿ, ಮೈಕೈ ನೋವು: ಕೈಪಿಡಿ ಮುಚ್ಚಿ, ಡಾಕ್ಟರ ಬಳಿ ಹೋಗಿ, ಅವತ್ತೇ. ಕಳೆದ ಎರಡು ತಿಂಗಳಲ್ಲಿ ಏನೇನು ತಿಂದಿರಿ ಎಂದು ನೆನಪು ಮಾಡಿಕೊಂಡು ಹೋಗಿ, ಏಕೆಂದರೆ ಲಿಸ್ಟೀರಿಯಾ ತಿಂದ 70 ದಿನದ ತನಕವೂ ಕಾದು ಕಾಣಿಸಿಕೊಳ್ಳಬಹುದು. ಬೇಗ ಗೊತ್ತಾದರೆ ಇದಕ್ಕೆ ಔಷಧಿ ಇದೆ, ಆಂಪಿಸಿಲಿನ್ನಿನಂಥ ಹಳೆಯ ಔಷಧಿಯೇ. ಮನೆಯಲ್ಲಿ ಕಷಾಯ ಕುಡಿದು ಮೂರು ದಿನ ನೋಡೋಣ ಎನ್ನುವುದು ಬೇಡ.

9. ಖಾತರಿಯ ಅವಧಿ

ಈ ಕೈಪಿಡಿ ಹೆರಿಗೆ ನೋವು ಶುರುವಾಗುವ ತನಕ ಜಾರಿಯಲ್ಲಿರುತ್ತದೆ. ಆಮೇಲಿನದ್ದು ಬಾಣಂತನದ ಕೈಪಿಡಿ. ಅದನ್ನು ಅಮ್ಮಂದಿರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದರಲ್ಲಿ ಬೆಳ್ಳುಳ್ಳಿ, ಮೆಣಸು, ಮೆಂತ್ಯ, ತುಪ್ಪ ಮಾತ್ರ. ನೀರು ಕುಡಿಯುವುದಕ್ಕೂ ಅರ್ಜಿ ಹಾಕಬೇಕು. ಅದರ ಯಾವ ಪುಟದಲ್ಲೂ ಚೀಸ್ ಇಲ್ಲ.

ತವರಿನಿಂದ ಮೂರು ತಿಂಗಳ ಮಗು ಎತ್ತಿಕೊಂಡು ನಾನು ಮನೆಗೆ ವಾಪಸು ಬಂದ ದಿನ, ಮಗುವಿಗೆ ದೃಷ್ಟಿ ತೆಗೆದು ಒಳಗೆ ಕರೆದದ್ದಾಯಿತು. ಎಲ್ಲರೂ ಮಗುವಿನ ಸುತ್ತ ಇರುವಾಗ ಅಡುಗೆಮನೆಗೆ ಹೋಗಿ ಫ್ರಿಜ್ಜು ತೆಗೆದೆ. ಒಳಗಿನ ಶೆಲ್ಫಿನಲ್ಲಿ ಅದೇ ಡಬ್ಬಿ, ಅದರ ಮೇಲೆ ನನ್ನದೇ ಕೈಬರಹದ ತಾರೀಕು. ಒಳಗೆ ಎರಡು ಸ್ಲೈಸ್. ಅಂಚೆಲ್ಲ ಮೇಲಕ್ಕೆ ಸುರುಟಿ, ಬಣ್ಣ ಕಡುವಾಗಿ, ಒಣಗಿದ ಹಲಸಿನ ಹಪ್ಪಳದ ಹಾಗೆ.

ಹಿಂದೆ ಬಂದು ನಿಂತ ನಮ್ಮನೆಯವರು ಹೇಳಿದರು: "ನಾನು ಮುಟ್ಲಿಲ್ಲ ಕಣೇ. ನಿಂಗೇ ಅಂತ ಇಟ್ಟಿದ್ದೆ."

"ರೀ," ಎಂದೆ, "ಎಂಟನೇ ಭಾಗ, ಮೊದಲನೇ ತೊಂದರೆ ಓದಿಕೊಳ್ಳಿ."